ಇವತ್ತು ನಿಮಗೆ ಮಾತು ಬೇಕಾ? ಬೆಂಗಳೂರಲ್ಲಿ ಕಾಕ್‌ಟೇಲ್ ಬಾರ್ ಆರಿಸುವ ಮುಂಚೆ ಇದೊಂದು ಕೇಳಿಕೊಳ್ಳಿ

[ದೃಶ್ಯ: ಇಂದಿರಾನಗರ, ಸಂಜೆ. ಅಂಗಡಿ ಬೋರ್ಡ್‌ಗಳ ದೀಪ ಒಂದೊಂದಾಗಿ ಹೊತ್ತಿಕೊಳ್ಳುತ್ತಿವೆ]

ನಮಸ್ಕಾರ. ನನ್ನ ಗೆಳೆಯ ಕೆನಡಾಗೆ ಹೊರಡುವ ಹಿಂದಿನ ರಾತ್ರಿ ನಾವಿಬ್ಬರೂ ಒಂದು ಬಾರ್‌ಗೆ ಹೋಗಿದ್ದೆವು. ಬಾರ್ ಹೆಸರು ಬೇಡ, ಅದು ಕೆಟ್ಟ ಜಾಗವೂ ಅಲ್ಲ. ಫೋಟೋದಲ್ಲಿ ತುಂಬಾ ಚೆನ್ನಾಗಿತ್ತು, ನಾನೇ ಬುಕ್ ಮಾಡಿದ್ದೆ. ಒಳಗೆ ಹೋದರೆ ಸ್ಪೀಕರ್ ಸರಿಯಾಗಿ ನಮ್ಮ ತಲೆ ಮೇಲೇ ಇತ್ತು. ಮೂರು ಗಂಟೆ ಕೂತೆವು. ಅವನು ಏನೋ ಹೇಳುವುದು, ನಾನು 'ಆಂ? ಏನು?' ಅನ್ನುವುದು, ಆಮೇಲೆ ಇಬ್ಬರೂ ಸುಮ್ನೆ ನಕ್ಕು ಗ್ಲಾಸ್ ಎತ್ತುವುದು. ಹನ್ನೆರಡು ವರ್ಷದ ಸ್ನೇಹ ನಮ್ಮದು. ಮರುದಿನ ಏರ್‌ಪೋರ್ಟ್‌ನಿಂದ ಮೆಸೇಜ್ ಬಂತು: 'ನಿನ್ನೆ ಒಂದು ವಿಷಯ ಹೇಳಬೇಕು ಅಂತಿದ್ದೆ ಕಣೋ, ಆಗಲೇ ಇಲ್ಲ.'

ಅವತ್ತಿನಿಂದ ನಾನು ಬಾರ್ ಆರಿಸುವ ರೀತಿಯೇ ಬದಲಾಯಿತು. ನಾವೆಲ್ಲ ಮೆನು ನೋಡುತ್ತೇವೆ, ರೇಟಿಂಗ್ ನೋಡುತ್ತೇವೆ, ಲೈಟಿಂಗ್ ಹೇಗಿದೆ ಅಂತ ರೀಲ್ಸ್ ನೋಡುತ್ತೇವೆ. ಆದರೆ ಆ ದಿನ ನಮ್ಮ ಮನಸ್ಸು ಹೇಗಿದೆ ಅಂತ ನೋಡಿಕೊಳ್ಳುವುದಿಲ್ಲ. ಅದಕ್ಕೇ ಈ ವಿಡಿಯೋದಲ್ಲಿ ಟಾಪ್ 10 ಇಲ್ಲ. ಒಂದೇ ಪ್ರಶ್ನೆ ಇದೆ. ಇವತ್ತು ನಿಮಗೆ ಮಾತು ಬೇಕಾ, ಮೌನ ಬೇಕಾ, ಇಲ್ಲ ಗದ್ದಲವೇ ಬೇಕಾ? ಡ್ರಿಂಕ್ ವಿಷಯ ಆಮೇಲೆ.

ಇನ್ನೊಂದು ಮಾತು. ಈ ವಿಡಿಯೋ 21 ದಾಟಿದವರಿಗೆ ಮಾತ್ರ.

[ದೃಶ್ಯ: ಕೌಂಟರ್ ಎದುರಿನ ಸ್ಟೂಲ್‌ಗಳು. ಬಾರ್‌ಟೆಂಡರ್ ದೊಡ್ಡ ಐಸ್ ಗಡ್ಡೆ ಕತ್ತರಿಸುತ್ತಿದ್ದಾರೆ]

ಮೌನ ಬೇಕಾದವರಿಂದ ಶುರು ಮಾಡುತ್ತೇನೆ. ತಪ್ಪು ಕುರ್ಚಿ ಆರಿಸುವವರು ಜಾಸ್ತಿ ಅವರೇ. ನಾಲ್ಕು ಜನ ಇದ್ದರೆ ಮುದುಡಿ ಕೂರುವ ಸ್ವಭಾವದವರು ಮೂಲೆಯ ಟೇಬಲ್ ಕೇಳುತ್ತಾರೆ. ಕೇಳಬೇಡಿ. ಕೌಂಟರ್ ಎದುರಿನ ಸ್ಟೂಲ್ ಕೇಳಿ. ನಾಲ್ಕು ಕುರ್ಚಿಯ ಟೇಬಲ್‌ನಲ್ಲಿ ಒಬ್ಬರೇ ಕೂತರೆ ಮೂರು ಖಾಲಿ ಕುರ್ಚಿ ಎದ್ದು ಕಾಣುತ್ತವೆ, ಹೋಗುತ್ತಾ ಬರುತ್ತಾ ವೇಟರ್ 'ಇನ್ನೂ ಯಾರಾದರೂ ಬರ್ತಾರಾ ಸರ್?' ಅನ್ನುತ್ತಾರೆ, ಕೈ ತಾನಾಗಿ ಫೋನಿಗೆ ಹೋಗುತ್ತದೆ. ಕೌಂಟರ್‌ನಲ್ಲಿ ಹಾಗಲ್ಲ, ಅಲ್ಲಿ ಒಬ್ಬರೇ ಕೂರುವುದು ಮಾಮೂಲಿ. ಕಣ್ಣಿಗೆ ಕೆಲಸ ಇರುತ್ತದೆ. ಕಿತ್ತಳೆ ಸಿಪ್ಪೆಯನ್ನು ಗ್ಲಾಸ್ ಮೇಲೆ ಹಿಂಡಿದಾಗ ಅದರ ಎಣ್ಣೆ ಚಿಮ್ಮುವುದನ್ನು ಹತ್ತಿರದಿಂದ ನೋಡುವುದೇ ಒಂದು ಖುಷಿ. ಮಾತು ಬೇಕು ಅನ್ನಿಸಿದರೆ ಎದುರಿಗೆ ಒಬ್ಬರಿದ್ದಾರೆ, ಬೇಡ ಅನ್ನಿಸಿದರೆ ಅವರಿಗೂ ಕೈತುಂಬ ಕೆಲಸ ಇದೆ.

ಇಂಥ ದಿನಕ್ಕೆ ಲ್ಯಾವೆಲ್ಲೆ ರೋಡಿನ ಬಾರ್ ಸ್ಪಿರಿಟ್ ಫಾರ್ವರ್ಡ್ ನನಗೆ ಇಷ್ಟ. ಹೆಸರಲ್ಲೇ ಅದರ ಸ್ವಭಾವ ಇದೆ. ಜ್ಯೂಸು, ಸಿರಪ್ಪುಗಳ ಹಿಂದೆ ಮದ್ಯವನ್ನು ಅಡಗಿಸದೆ ಅದರ ರುಚಿಯನ್ನೇ ಮುಂದೆ ಇಡುವ ಕಾಕ್‌ಟೇಲ್‌ಗೆ ಸ್ಪಿರಿಟ್ ಫಾರ್ವರ್ಡ್ ಅನ್ನುತ್ತಾರೆ. ಇಂದಿರಾನಗರದ ಸೋಕಾ ಕೂಡ ಚಿಕ್ಕ ಜಾಗ, ಕೌಂಟರೇ ಅದರ ಜೀವ.

ಇಲ್ಲಿ ಐಸ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಎಷ್ಟು ಹೊತ್ತು ಕೂರಬೇಕು ಅಂತಿದ್ದೀರೋ ಅದಕ್ಕೂ ಗ್ಲಾಸಿಗೂ ನೇರ ಸಂಬಂಧ ಇದೆ. ಕಾಲಿರುವ ಗ್ಲಾಸ್‌ನಲ್ಲಿ ಐಸ್ ಇಲ್ಲದೆ ಬರುತ್ತದಲ್ಲ, ಮಾರ್ಟಿನಿ, ಡೈಕಿರಿ ತರಹದ್ದು, ಅದು ತಣ್ಣಗಿರುವಾಗಲೇ ಕುಡಿದು ಮುಗಿಸಬೇಕು. ಕಾಲು ಗಂಟೆ ಬಿಟ್ಟರೆ ಬೆಚ್ಚಗಾಗಿ ರುಚಿ ಕೆಡುತ್ತದೆ. ಅದೇ ಓಲ್ಡ್ ಫ್ಯಾಶನ್ಡ್ ತೆಗೆದುಕೊಳ್ಳಿ. ವಿಸ್ಕಿ, ಸಕ್ಕರೆ, ಬಿಟರ್ಸ್ ಅನ್ನುವ ಕಹಿ ಸಾರ ಒಂದೆರಡು ಹನಿ, ಒಂದೇ ಒಂದು ದಪ್ಪ ಐಸ್ ಗಡ್ಡೆ. ಅಷ್ಟೇ ಐಸನ್ನು ಸಣ್ಣ ಚೂರು ಮಾಡಿ ಹಾಕಿದರೆ ಬೇಗ ನೀರಾಗುತ್ತದೆ, ದೊಡ್ಡ ಗಡ್ಡೆಯ ಹೊರಮೈ ಕಡಿಮೆ, ಹಾಗಾಗಿ ನಿಧಾನ ಕರಗುತ್ತದೆ. ಮೊದಲ ಗುಟುಕು ಖಾರ, ಅರ್ಧ ಗಂಟೆ ಆದ ಮೇಲೆ ಅದೇ ಗ್ಲಾಸ್ ಮೆತ್ತಗಾಗಿರುತ್ತದೆ. ಒಂದೇ ಗ್ಲಾಸ್ ಹಿಡಿದು ಯೋಚನೆ ಮಾಡುತ್ತಾ ಕೂರುವವರಿಗೆ ಇದಕ್ಕಿಂತ ಒಳ್ಳೆಯ ಜೊತೆ ನನಗೆ ಸಿಕ್ಕಿಲ್ಲ.

[ದೃಶ್ಯ: ಮೆನು ಕಾರ್ಡ್. ಮಧ್ಯೆ ಮನೆಯ ಅಡುಗೆಮನೆಗೆ ಕಟ್, ಹಾಗಲಕಾಯಿ ಹೆಚ್ಚುತ್ತಿರುವ ಕೈ]

ಮೆನು ನೋಡಿ ಹೆದರುವವರು ತುಂಬಾ ಜನ ಇದ್ದಾರೆ. ನನಗೆ ಗೊತ್ತು, ಯಾಕೆಂದರೆ ನನ್ನ ಜೊತೆ ಬಂದ ಎಷ್ಟೋ ಜನ ಮೆನು ಮಡಚಿಟ್ಟು 'ನನಗೂ ಅದೇ ಹೇಳಿಬಿಡು' ಅಂದಿದ್ದಾರೆ. ಹಾಗೆ ಮಾಡಬೇಡಿ, ಪ್ಲೀಸ್. ನಿಮ್ಮ ನಾಲಿಗೆ ನಿಮಗೆ ಗೊತ್ತು, ಅದು ಅಮ್ಮನ ಅಡುಗೆಯಲ್ಲಿ ಬೆಳೆದ ನಾಲಿಗೆ. ಮನೆಯಲ್ಲಿ ಹಾಗಲಕಾಯಿ ಗೊಜ್ಜು ಮಾಡಿದ ದಿನ ಎರಡು ತುತ್ತು ಜಾಸ್ತಿ ತಿನ್ನುತ್ತೀರಾ? ಹಾಗಾದರೆ ನೆಗ್ರೋನಿ ನಿಮ್ಮದು. ಜಿನ್, ಕಾಂಪಾರಿ ಅನ್ನುವ ಕಹಿಯಾದ ಕೆಂಪು ಮದ್ಯ, ವರ್ಮೂತ್ ಅನ್ನುವ ಗಿಡಮೂಲಿಕೆ ಹಾಕಿದ ಸಿಹಿ ವೈನ್, ಮೂರೂ ಸಮಪಾಲು. ಗೊಜ್ಜಿನಲ್ಲಿ ಕಹಿಗೆ ಬೆಲ್ಲ ಹೇಗೋ, ಇದರಲ್ಲಿ ವರ್ಮೂತ್ ಹಾಗೆ. ಆದರೆ ಹುಷಾರು. ಸಾಮಾನ್ಯವಾಗಿ ಮೂರೂ 30 ಮಿಲಿ ಹಾಕುತ್ತಾರೆ, ಅಂದರೆ ಚಿಕ್ಕ ಗ್ಲಾಸಿನಲ್ಲಿ ಕಾಣುವ ಒಂದು ನೆಗ್ರೋನಿಯಲ್ಲಿ ಹೆಚ್ಚುಕಡಿಮೆ 60 ಮಿಲಿಯ ಒಂದು ಲಾರ್ಜ್ ವಿಸ್ಕಿ ಪೆಗ್ಗಿನಷ್ಟು ಆಲ್ಕೋಹಾಲ್ ಇರುತ್ತದೆ.

ಕಹಿ ಆಗಲ್ಲ, ಬೇಸಿಗೆಯಲ್ಲಿ ನಿಂಬೆ ಷರಬತ್ತೇ ಪ್ರಾಣ ಅನ್ನುವವರಿಗೆ ದಾರಿ ಇನ್ನೂ ಸುಲಭ. ವಿಸ್ಕಿ ಸೌರ್, ಗಿಮ್ಲೆಟ್, ಡೈಕಿರಿ, ಈ ಮೂರೂ ಒಂದೇ ಮನೆಯ ಮಕ್ಕಳು. ಮದ್ಯ, ಹುಳಿ, ಸಿಹಿ. ವಿಸ್ಕಿ ಇದ್ದರೆ ಒಂದು ಹೆಸರು, ಜಿನ್ ಇದ್ದರೆ ಇನ್ನೊಂದು, ರಮ್ ಇದ್ದರೆ ಮತ್ತೊಂದು. ಹುಳಿ ಇರುವುದನ್ನು ಶೇಕರ್‌ನಲ್ಲಿ ಕುಲುಕುತ್ತಾರೆ, ಬರೀ ಮದ್ಯಗಳ ಮಿಶ್ರಣವನ್ನು ಚಮಚದಲ್ಲಿ ಮೆಲ್ಲಗೆ ತಿರುಗಿಸುತ್ತಾರೆ. ಬಾರ್‌ನಲ್ಲಿ ಶೇಕರ್ ಸದ್ದೇ ಜಾಸ್ತಿ ಕೇಳುತ್ತಿದ್ದರೆ ಅಲ್ಲಿನ ಜನಕ್ಕೆ ಹುಳಿ, ಹಣ್ಣು ಇಷ್ಟ ಅಂತ ಬಾಗಿಲಲ್ಲೇ ಊಹಿಸಬಹುದು.

ಡ್ರಿಂಕಿನ ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ. 'ಸ್ವಲ್ಪ ಹುಳಿ ಇರಲಿ, ಸಿಹಿ ಕಡಿಮೆ, ತುಂಬಾ ಸ್ಟ್ರಾಂಗ್ ಬೇಡ' ಅಂತ ಹೇಳಿ, ಸಾಕು. ಮೊದಲು ಕನ್ನಡದಲ್ಲೇ ಕೇಳಿ ನೋಡಿ. ದುಬಾರಿ ಜಾಗ ಅಂದಕೂಡಲೇ ನಾವೇ ಭಾಷೆ ಬದಲಾಯಿಸಿಬಿಡುತ್ತೇವೆ, ಅದರ ಅಗತ್ಯವೇ ಇಲ್ಲ. ಒಮ್ಮೆ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಕೌಂಟರ್ ಹಿಂದಿನ ಹುಡುಗ 'ಅಣ್ಣಾ, ನಮ್ಮದು ಹಾಸನ' ಅಂದ. ಆಮೇಲೆ ಅವನು ಮೆನುವಲ್ಲೇ ಇಲ್ಲದ ಒಂದನ್ನು ಮಾಡಿಕೊಟ್ಟ, ಕಾಳುಮೆಣಸು ಹಾಕಿ. ಆ ರುಚಿ ಇನ್ನೂ ನೆನಪಿದೆ.

[ದೃಶ್ಯ: ತಿರುಗುತ್ತಿರುವ ವಿನೈಲ್ ರೆಕಾರ್ಡ್]

ಮೌನದಲ್ಲೂ ಇನ್ನೊಂದು ಬಗೆ ಇದೆ. ನೀವು ಮಾತಾಡಬಾರದು, ಆದರೆ ಏನೋ ಒಂದು ಕೇಳುತ್ತಿರಬೇಕು. ಅದಕ್ಕೆ ಲಿಸನಿಂಗ್ ಬಾರ್ ಅಂತ ಇವೆ. ಜಪಾನಿನಲ್ಲಿ ಜಾಝ್ ರೆಕಾರ್ಡ್ ಹಾಕುವ ಪುಟ್ಟ ಕೆಫೆಗಳಿಂದ ಬಂದ ಕಲ್ಪನೆ ಇದು, ಜನ ಅಲ್ಲಿ ಹಾಡು ಕೇಳುವುದಕ್ಕೇ ಹೋಗುತ್ತಿದ್ದರು. ನಮ್ಮಲ್ಲಿ ಕೋರ್ಟ್‌ಯಾರ್ಡ್ ಅನ್ನುವ ಜಾಗದಲ್ಲಿ ಮಿಡಲ್ ರೂಮ್ ಇದೆ. ಹಿನ್ನೆಲೆಯಲ್ಲಿ ಹಾಡು ಇರುವುದಕ್ಕೂ ಹಾಡೇ ಮುಂದೆ ಇರುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಅಲ್ಲಿ ಕೂತರೆ ಗೊತ್ತಾಗುತ್ತದೆ. ಮಾತಿನ ಚಟ ಇರುವ ಗೆಳೆಯರನ್ನು ಮಾತ್ರ ಕರೆದುಕೊಂಡು ಹೋಗಬೇಡಿ.

ಕುತೂಹಲ ಜಾಸ್ತಿ ಇರುವವರಿಗೆ ಗುಪ್ತ ಬಾಗಿಲಿನ ಬಾರ್‌ಗಳು. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತು, ಆಗ ಕದ್ದುಮುಚ್ಚಿ ನಡೆಯುತ್ತಿದ್ದ ಬಾರ್‌ಗಳಿಗೆ ಸ್ಪೀಕ್‌ಈಸಿ ಅಂತ ಹೆಸರು. ಈಗ ಬಚ್ಚಿಡುವುದಕ್ಕೆ ಏನಿಲ್ಲ, ಆದರೂ ಬಾಗಿಲು ಹುಡುಕುವ ಮಜಾ ಉಳಿದಿದೆ. ಹಳೇ ಏರ್‌ಪೋರ್ಟ್ ರಸ್ತೆಯ ಲೀಲಾ ಪ್ಯಾಲೇಸ್ ಹೋಟೆಲಿನ ಝಡ್ಎಲ್‌ಬಿ23 ಇಂಥದ್ದು. ಹೊಸ ಪರಿಚಯದವರ ಜೊತೆ ಹೋಗುವುದಾದರೆ ಇದು ಒಳ್ಳೆಯದು. ಮಾತು ಶುರು ಮಾಡುವುದಕ್ಕೆ ಬಾಗಿಲೇ ಒಂದು ವಿಷಯ ಕೊಡುತ್ತದೆ, ಅಲ್ವಾ?

ಊರಿಂದ ಬಂದವರಿಗೆ ನಗರ ತೋರಿಸಬೇಕು ಅಂದರೆ ಬಳ್ಳಾರಿ ರಸ್ತೆಯ ಫೋರ್ ಸೀಸನ್ಸ್ ಹೋಟೆಲಿನ 21ನೇ ಮಹಡಿಯಲ್ಲಿ ಕೋಪಿಟಾಸ್ ಇದೆ. ಖರ್ಚು ಜೋರು. ಸೂರ್ಯ ಮುಳುಗುವ ಮುಂಚೆ ಹೋಗಿ.

[ದೃಶ್ಯ: ದೊಡ್ಡ ಟೇಬಲ್, ಎಂಟು ಜನ, ನಗು]

ಇನ್ನು ಗದ್ದಲ. ಪ್ರಮೋಷನ್ ಆಗಿದೆ, ಎಂಟು ಜನ ಇದ್ದೀರಿ, ಎಲ್ಲರೂ ಒಟ್ಟಿಗೆ ಮಾತಾಡುತ್ತೀರಿ. ದಯವಿಟ್ಟು ಚಿಕ್ಕ ಕಾಕ್‌ಟೇಲ್ ಬಾರ್‌ಗೆ ಹೋಗಬೇಡಿ. ಒಂದೊಂದು ಗ್ಲಾಸನ್ನೂ ಕೈಯಲ್ಲೇ ಅಳೆದು ಮಾಡುವ ಜಾಗದಲ್ಲಿ ಎಂಟು ಬೇರೆ ಬೇರೆ ಆರ್ಡರ್ ಕೊಟ್ಟರೆ ಮೊದಲನೆಯದು ಖಾಲಿ ಆದರೂ ಕೊನೆಯದು ಬಂದಿರುವುದಿಲ್ಲ, ಪಕ್ಕದಲ್ಲಿ ಒಬ್ಬರೇ ಕೂತವರ ಸಂಜೆಯೂ ಹಾಳು. 2010ರಲ್ಲಿ ಶುರುವಾದ ಇಂದಿರಾನಗರದ ಟೋಯ್ಟ್ ತರಹದ, ತಾವೇ ಬಿಯರ್ ತಯಾರಿಸುವ ಜಾಗಕ್ಕೆ ಹೋಗಿ. ಪಿಚರ್ ತರಿಸಿ, ಕಿರುಚಾಡಿ, ಯಾರೂ ಏನೂ ಅನ್ನುವುದಿಲ್ಲ. ಹಳೇ ರಾಕ್ ಹಾಡು ಬೇಕು ಅಂದರೆ ರೆಸ್ಟ್ ಹೌಸ್ ರಸ್ತೆಯ ಪೆಕೋಸ್ ಇದೆ, 1989ರಿಂದ.

ಬೇಜಾರಾಗಿದ್ದರೆ? ಇದನ್ನು ನಾನು ಮನಸ್ಸಿನಿಂದ ಹೇಳುತ್ತಿದ್ದೇನೆ. ಮನಸ್ಸು ತೀರಾ ಕುಸಿದ ದಿನ ಒಬ್ಬರೇ ಯಾವ ಬಾರ್‌ಗೂ ಹೋಗಬೇಡಿ. ಯಾರಿಗಾದರೂ ಫೋನ್ ಮಾಡಿ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್‌ಗೆ ಬರಲು ಹೇಳಿ. 1940ರಲ್ಲಿ ಬೇಕರಿಯಾಗಿ ಶುರುವಾದ ಕೋಶೀಸ್‌ನಲ್ಲಿ ಬಾರೂ ಇದೆ, ಕಾಫಿಯೂ ಇದೆ. ಕಾಫಿ ಹೇಳಿ. ಬೇಗ ಏಳಿ ಅಂತ ಅಲ್ಲಿ ನನಗೆ ಯಾರೂ ಯಾವತ್ತೂ ಹೇಳಿಲ್ಲ.

ನನ್ನ ಅಕ್ಕ ಕುಡಿಯುವುದಿಲ್ಲ. ಆದರೆ ನಮ್ಮ ಜೊತೆ ಬರುತ್ತಾಳೆ. ಅವಳಿಂದಲೇ ನಾನು ಬಾರ್ ಅಳೆಯುವುದನ್ನು ಕಲಿತೆ. ಮದ್ಯ ಇಲ್ಲದ್ದು ಕೊಡಿ ಅಂದಾಗ ಒಂದು ಕಡೆ ಬಣ್ಣದ ಸಿರಪ್ಪಿಗೆ ಸೋಡಾ ಸುರಿದು ತಂದಿಡುತ್ತಾರೆ. ಇನ್ನೊಂದು ಕಡೆ ಪುನರ್ಪುಳಿ, ಶುಂಠಿ, ಚಿಟಿಕೆ ಉಪ್ಪು ಹಾಕಿ, ರುಚಿ ನೋಡಿ, ನಮ್ಮದರಷ್ಟೇ ಚಂದದ ಗ್ಲಾಸಿನಲ್ಲಿ ತಂದು ಮೊದಲು ಅವಳ ಮುಂದೆ ಇಡುತ್ತಾರೆ. ಎರಡನೇ ಜಾಗಕ್ಕೆ ಮಾತ್ರ ನಾವು ಮತ್ತೆ ಹೋಗುವುದು. ಇನ್ನೊಂದು ವಿಷಯವನ್ನೂ ಅಕ್ಕ ನೋಡುತ್ತಾಳೆ. ಒಬ್ಬಳೇ ಕೂತ ಹೆಣ್ಣುಮಗಳ ಕಡೆ ಸಿಬ್ಬಂದಿ ಹೇಗೆ ನಡೆದುಕೊಳ್ಳುತ್ತಾರೆ, ಪಕ್ಕದವರು ಕಿರಿಕಿರಿ ಮಾಡಿದರೆ ಯಾರಾದರೂ ಮಧ್ಯೆ ಬರುತ್ತಾರಾ ಅಂತ. ಇದು ರೀಲ್ಸ್‌ನಲ್ಲಿ ಕಾಣುವುದಿಲ್ಲ.

[ದೃಶ್ಯ: ನೇರಳೆ ಮಾರ್ಗದ ಮೆಟ್ರೋ, ಎಂ.ಜಿ. ರಸ್ತೆ ನಿಲ್ದಾಣ]

ಒಂದೇ ಬಾರ್ ಸಂಜೆ 6:30ಕ್ಕೆ ಒಂದು, ರಾತ್ರಿ 10ಕ್ಕೆ ಇನ್ನೊಂದು. ಮಂಗಳವಾರ ಒಂದು, ಶನಿವಾರ ಇನ್ನೊಂದು. ಮಾತು ಬೇಕಾದವರು ವಾರದ ಮಧ್ಯೆ, ಬೇಗ ಹೋಗಿ. ಹೋಗುವ ಮುಂಚೆ ಫೋನ್ ಮಾಡಿ 'ಇವತ್ತು ಡಿಜೆ ಇದೆಯಾ, ಸ್ಪೀಕರ್‌ನಿಂದ ದೂರ ಸೀಟ್ ಸಿಗುತ್ತಾ' ಅಂತ ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ. ಗಾಡಿ ತೆಗೆದುಕೊಂಡು ಹೋಗಬೇಡಿ. 100 ಮಿಲಿ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ದಾಟಿದರೆ ಅಪರಾಧ, ಮೊದಲ ಸಲವೇ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಇಂದಿರಾನಗರಕ್ಕೂ ಎಂ.ಜಿ. ರಸ್ತೆಗೂ ಮೆಟ್ರೋ ಇದೆ, ಕೊನೆ ರೈಲಿನ ಟೈಮ್ ಮೊದಲೇ ನೋಡಿಟ್ಟುಕೊಳ್ಳಿ.

ಇಬ್ಬರೇ ಹೋಗುವುದಾದರೆ ಕೌಂಟರ್ ತಿರುಗುವ ಮೂಲೆ ಕೇಳಿ. ಎದುರುಬದುರು ಕೂತರೆ ಮಧ್ಯೆ ಟೇಬಲ್ ಇರುತ್ತದೆ, ಪಕ್ಕಪಕ್ಕ ಕೂತರೆ ಮುಖ ಕಾಣುವುದಿಲ್ಲ. ಮೂಲೆಯಲ್ಲಿ ಮುಖವೂ ಕಾಣುತ್ತದೆ, ಪಿಸುಮಾತೂ ಕೇಳುತ್ತದೆ.

ಕಳೆದ ಡಿಸೆಂಬರ್‌ನಲ್ಲಿ ನನ್ನ ಗೆಳೆಯ ರಜೆಗೆ ಬಂದಿದ್ದ. ಬುಧವಾರ, ಸಂಜೆ 6:30, ಅಂಥದ್ದೇ ಒಂದು ಮೂಲೆ. ಅವನದು ಓಲ್ಡ್ ಫ್ಯಾಶನ್ಡ್. ಐಸ್ ಅರ್ಧ ಕರಗುವ ಹೊತ್ತಿಗೆ ನಾನು ಕೇಳಿದೆ, 'ಅವತ್ತು ಏನೋ ಹೇಳಬೇಕು ಅಂದಿದ್ದೆಯಲ್ಲ, ಏನದು?' ಸ್ವಲ್ಪ ಹೊತ್ತು ಗ್ಲಾಸ್ ತಿರುಗಿಸುತ್ತಾ ಕೂತ. ಆಮೇಲೆ ಹೇಳಿದ: 'ಅಮ್ಮ ಒಬ್ಬರೇ ಆಗುತ್ತಾರೆ ಕಣೋ, ಆಗಾಗ ಮನೆ ಕಡೆ ಹೋಗಿ ಬಾ ಅಂತ ಕೇಳಬೇಕಿತ್ತು. ಮೆಸೇಜ್‌ನಲ್ಲಿ ಬರೆಯೋಕೆ ಮನಸ್ಸಾಗಲಿಲ್ಲ.'

ಅವರ ಮನೆ ಬಸವನಗುಡಿಯಲ್ಲಿ. ನಮ್ಮ ಮನೆಯಿಂದ ಹತ್ತು ನಿಮಿಷ. ಈಗ ಭಾನುವಾರ ಬೆಳಗ್ಗೆ ನನ್ನ ಕಾಫಿ ಅಲ್ಲೇ.