ಸಣ್ಣ ಊರು, ದೊಡ್ಡ ಹೆಸರು

ಕೇಳುಗರಿಗೆ ನಮಸ್ಕಾರ. ಕಾಮಂಬೇರ್ ಅಂದರೆ ಚೀಸ್ ಇಷ್ಟಪಡುವವರಿಗೆ ದುಂಡನೆಯ ಮರದ ಡಬ್ಬಿಯಲ್ಲಿ ಬರುವ ಮೆತ್ತನೆಯ ಚೀಸ್ ನೆನಪಾಗುತ್ತದೆ. ಅದು ಒಂದು ಊರಿನ ಹೆಸರು ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಫ್ರಾನ್ಸಿನ ನಾರ್ಮಂಡಿಯಲ್ಲಿದೆ ಈ ಊರು. ಜನ ಸುಮಾರು 200. ಒಂದು ಚರ್ಚು, ಅದರ ಸುತ್ತ ಕೆಲವು ಮನೆ, ಅಷ್ಟೇ. ಉಳಿದವರೆಲ್ಲ ದಿಬ್ಬಗಳ ಮೇಲೆ ಚದುರಿದ ತೋಟದ ಮನೆಗಳವರು. ಸಂತೆ ಅಂದರೆ ಪಕ್ಕದ ವಿಮೂತಿಯೇ ಪಟ್ಟಣ.

ಸಮುದ್ರ ತೀರಾ ದೂರವಿಲ್ಲ, ಮಳೆಗೆ ಬರವಿಲ್ಲ. ಹಾಗಾಗಿ ಹುಲ್ಲು ಸೊಂಪಾಗಿ ಬೆಳೆಯುತ್ತದೆ. ಸೇಬಿನ ಮರಗಳ ಕೆಳಗೆ ನಾರ್ಮಂಡ್ ತಳಿಯ ಹಸುಗಳು ಮೇಯುತ್ತವೆ. ಬಿಳಿ ಮೈ, ಕಂದು ಮಚ್ಚೆ. ಕಣ್ಣಿನ ಸುತ್ತಲೂ ಮಚ್ಚೆ, ಕನ್ನಡಕ ಹಾಕಿಕೊಂಡ ಹಾಗೆ! ಹಾಲು ಮಾತ್ರ ಗಟ್ಟಿ.

ಚೀಸ್ ಮಾಡುವಾಗ ಆ ಹಾಲನ್ನು ಕುದಿಸುವುದಿಲ್ಲ. ಉಗುರು ಬೆಚ್ಚಗಿರುವಾಗಲೇ ಹೆಪ್ಪುಗಟ್ಟಿಸುತ್ತಾರೆ. ಆಮೇಲೆ ಸೌಟಿನಿಂದ ಮೆಲ್ಲಗೆ ತೆಗೆದು ತೂತಿರುವ ಅಚ್ಚಿಗೆ ಇಳಿಸುತ್ತಾರೆ. ಒಂದು ಸೌಟು ಹಾಕಿ ಮುಕ್ಕಾಲು ಗಂಟೆ ಸುಮ್ನೆ ಬಿಡಬೇಕು. ನೀರು ತೊಟ್ಟಿಕ್ಕುತ್ತದೆ, ಪದರ ಕುಗ್ಗುತ್ತದೆ. ಮತ್ತೆ ಇನ್ನೊಂದು ಸೌಟು. ಹೀಗೆ ಐದು ಸಲ. ಅವಸರ ಮಾಡಿದರೆ ಕೆಟ್ಟಿತು. ಉಪ್ಪು ಹಚ್ಚಿಟ್ಟ ಮೇಲೆ ಮೈತುಂಬ ಬಿಳಿ ಬೂಸ್ಟು ಬರುತ್ತದೆ. ನಾವಾದರೆ ಬೂಸ್ಟು ಕಂಡ ಕೂಡಲೇ ಎಸೆಯುತ್ತೇವೆ, ಅಲ್ವಾ? ಇಲ್ಲಿ ಅದೇ ರುಚಿ. ವಾಸನೆಗೆ ಮೂಗು ಮುಚ್ಚಿಕೊಂಡರೆ ನಿಮ್ಮ ತಪ್ಪಲ್ಲ.

ಇದನ್ನು ಕಂಡುಹಿಡಿದವಳು ಮರೀ ಆರೆಲ್ ಎಂಬ ರೈತ ಹೆಂಗಸು ಅಂತಾರೆ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಚೀಸಿಗೆ ಹೆಸರಾದ ಬ್ರೀ ಸೀಮೆಯ ಪಾದ್ರಿಯೊಬ್ಬ ತಪ್ಪಿಸಿಕೊಂಡು ಬಂದನಂತೆ, ಅವಳಿಗೆ ಗುಟ್ಟು ಹೇಳಿಕೊಟ್ಟನಂತೆ. ಕಥೆ ಚೆನ್ನಾಗಿದೆ. ಆದರೆ ವಿಮೂತಿಯೇ ಸಂತೆಗೆ ಕಾಮಂಬೇರ್ ಚೀಸ್ ಬರುತ್ತಿತ್ತು ಅಂತ 1708ರಲ್ಲೇ ಒಂದು ನಿಘಂಟು ಬರೆದಿದೆ. ಆಗ ಆಕೆ ಹುಟ್ಟೇ ಇರಲಿಲ್ಲ! ನನಗನ್ನಿಸುವುದು, ಆಕೆಯ ಮಕ್ಕಳು ಮೊಮ್ಮಕ್ಕಳು ಕಸುಬನ್ನು ದೊಡ್ಡದು ಮಾಡಿದರು, ಕೀರ್ತಿ ಅಜ್ಜಿಗೆ ಬಂತು.

1850ರ ದಶಕದಲ್ಲಿ ಆ ಕಡೆಗೆ ರೈಲು ಬಂತು. ಬೇಗ ಮೆತ್ತಗಾಗುವ ಚೀಸ್ ಕೆಲವೇ ಗಂಟೆಗಳಲ್ಲಿ ಪ್ಯಾರಿಸ್ ಸೇರತೊಡಗಿತು. 1890ರಲ್ಲಿ ತೆಳು ಮರದ ಡಬ್ಬಿ ಬಂದ ಮೇಲೆ ಸಮುದ್ರವನ್ನೇ ದಾಟಿತು. ಹೆಸರು ಊರಿನ ಕೈ ತಪ್ಪಿತು. ಇವತ್ತು ಬರೀ 'ಕಾಮಂಬೇರ್' ಅಂತ ಎಲ್ಲಿ ಬೇಕಾದರೂ ಮಾಡಬಹುದು. 'ಕಾಮಂಬೇರ್ ದ ನಾರ್ಮಂಡಿ' ಅನ್ನುವ ಹೆಸರಿಗೆ ಮಾತ್ರ 1983ರಿಂದ ಕಾನೂನಿನ ಕಾವಲು.

1928ರಲ್ಲಿ ವಿಮೂತಿಯೇಯಲ್ಲಿ ಮರೀ ಆರೆಲ್ ಪ್ರತಿಮೆ ನಿಲ್ಲಿಸಿದರು. 1944ರ ಜೂನ್‌ನಲ್ಲಿ ಅಮೆರಿಕದ ವಿಮಾನಗಳ ಬಾಂಬಿಗೆ ಊರು ಸುಟ್ಟಿತು, ಪ್ರತಿಮೆಯ ತಲೆ ಹಾರಿಹೋಯಿತು. ಯುದ್ಧ ಮುಗಿದ ಮೇಲೆ ಹೊಸ ಪ್ರತಿಮೆಗೆ ದುಡ್ಡು ಕೊಟ್ಟವರೂ ಅಮೆರಿಕದವರೇ, ಓಹಾಯೋದ ಒಂದು ಚೀಸ್ ಕಾರ್ಖಾನೆಯ ಕೆಲಸಗಾರರು.