ಕಚೇರಿ ಮಾಡಿದವರು ಕಚೇರಿ ಅಲೆಯುವಾಗ: ಕಾಲೇಜಿನಲ್ಲಿ ಸಂಗೀತ ಕಲಿಸುವ ಕೆಲಸಕ್ಕೆ ಅರ್ಜಿ

[ಮೇಜಿನ ಮೇಲೆ ದಪ್ಪ ಫೈಲು. ಹಿಂದೆ ತಂಬೂರಿ ಶ್ರುತಿ.]

ನಮಸ್ಕಾರ. ಈ ಫೈಲು ನಂದೇ. ಸಂಗೀತದ ಕೊನೆಯ ಹಂತದ ಪರೀಕ್ಷೆ ವಿದ್ವತ್, ಅದರ ಸರ್ಟಿಫಿಕೇಟ್ ಇದೆ, ಹದಿನೈದು ವರ್ಷದ ಆಹ್ವಾನ ಪತ್ರಿಕೆಗಳಿವೆ, ಶಾಲು ಹೊದಿಸಿಕೊಂಡ ಫೋಟೋಗಳಂತೂ ಬೇಕಾದಷ್ಟು. ಇಷ್ಟನ್ನೇ ಹಿಡಿದುಕೊಂಡು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಹೋದರೆ ಹಾಡು ಕೇಳುವುದಕ್ಕೂ ಮೊದಲೇ ವಾಪಸ್ ಕಳಿಸುತ್ತಾರೆ.

ಯಾಕಂದ್ರೆ ವಿದ್ವತ್ ಎಷ್ಟೇ ಕಷ್ಟದ ಪರೀಕ್ಷೆ ಆದರೂ ಅದು ಎಂ.ಎ. ಅಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮ ಕೇಳುವುದು ಸ್ನಾತಕೋತ್ತರ ಪದವಿಯಲ್ಲಿ ಶೇ. 55, ಜೊತೆಗೆ ಕಾಲೇಜಿನಲ್ಲಿ ಕಲಿಸುವವರ ಅರ್ಹತಾ ಪರೀಕ್ಷೆಯಾದ ನೆಟ್ (ರಾಷ್ಟ್ರಮಟ್ಟದ್ದು) ಅಥವಾ ಸೆಟ್ (ರಾಜ್ಯಮಟ್ಟದ್ದು), ಇಲ್ಲವೇ ಪಿಎಚ್‌ಡಿ. ಪರಿಶಿಷ್ಟರಿಗೆ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರಿಗೆ, ಅಂಗವಿಕಲರಿಗೆ ಶೇ. 50 ಸಾಕು.

[ತೆರೆಯ ಮೇಲೆ: ನೆಟ್ – 150 ಪ್ರಶ್ನೆ, 300 ಅಂಕ, 3 ಗಂಟೆ]

ನೆಟ್‌ನಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಆದರೆ 2024ರಿಂದ ಫಲಿತಾಂಶದಲ್ಲಿ 'ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ' ಅನ್ನೋ ಒಂದು ಗುಂಪು ಬಂದಿದೆ. ಅದರಲ್ಲಿ ಪಾಸಾದವರು ನೆಟ್ ಆಯ್ತು ಅಂತ ಸಿಹಿ ಹಂಚಿ, ಆಮೇಲೆ ಈ ಕೆಲಸಕ್ಕೆ ಅದು ನಡೆಯಲ್ಲ ಅಂತ ಗೊತ್ತಾಗಿ ಪೆಚ್ಚಾಗುತ್ತಾರೆ. ಫಲಿತಾಂಶದ ಕಾರ್ಡನ್ನು ಸರಿಯಾಗಿ ಓದಿ.

ಸಂಗೀತದವರಿಗೆ ಇನ್ನೊಂದು ಬಾಗಿಲಿದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. ಬರೀ ಪದವಿ ಆಗಿದ್ದು, ಹೆಸರಾಂತ ಗುರುಗಳ ಹತ್ತಿರ ಕಲಿತು, ಆಕಾಶವಾಣಿ ಅಥವಾ ದೂರದರ್ಶನದ 'ಎ' ಗ್ರೇಡ್ ಕಲಾವಿದರಾಗಿದ್ದರೆ ಎಂ.ಎ., ನೆಟ್ ಇಲ್ಲದೆಯೂ ಅರ್ಜಿ ಹಾಕಬಹುದು. ಅದಕ್ಕಿಂತ ಕೆಳಗಿನ 'ಬಿ ಹೈ' ಗ್ರೇಡ್ ಇದೆ, ನಡೆಯುತ್ತಾ? ಇಲ್ಲ. ಗುರುಗಳ ಹತ್ತಿರ ಕಲಿತದ್ದಕ್ಕೆ ಒಂದು ಪತ್ರ ಬರೆಸಿಕೊಳ್ಳಿ, ಕೇಳೋಕೆ ಸಂಕೋಚ ಆಗುತ್ತೆ ನಿಜ, ಆದರೂ ಅವರು ಗಟ್ಟಿಯಾಗಿರುವಾಗಲೇ ಬರೆಸಿಕೊಳ್ಳಿ. ಇದೇ ನಿಯಮದಲ್ಲಿ ಇನ್ನೊಂದು ಮಾತೂ ಇದೆ: ವಿಷಯವನ್ನು ಕಾರಣ ಕೊಟ್ಟು ವಿವರಿಸಬೇಕು, ಶಾಸ್ತ್ರವನ್ನು ಹಾಡಿ ತೋರಿಸಿ ಪಾಠ ಮಾಡಬೇಕು. ನಮ್ಮಂಥ ಹಾಡುವವರು ಎಡವುವುದು ಇಲ್ಲೇ.

ನನ್ನದೇ ಕಥೆ ಕೇಳಿ. ಒಂದು ಕಾಲೇಜಿನ ಸಂದರ್ಶನ. ಮೊಬೈಲ್ ಹೊರಗಿಡಿ ಅಂದರು, ಇಟ್ಟೆ. ಒಳಗೆ ಹೋದ ಮೇಲೆ ನೆನಪಾಯಿತು, ನನ್ನ ಶ್ರುತಿ ಆಪ್ ಅದರಲ್ಲೇ ಇದೆ! ಕೋಣೆಯಲ್ಲಿ ತಂಬೂರಿ ಇಲ್ಲ, ಶ್ರುತಿಪೆಟ್ಟಿಗೆ ಇಲ್ಲ, ಗರಗರ ಅನ್ನೋ ಫ್ಯಾನ್ ಒಂದಿತ್ತು. ಹಾಗೇ ಹಾಡಿದೆ, ಪರವಾಗಿಲ್ಲ ಅನ್ನಿಸಿತು. ಆಮೇಲೆ ಒಬ್ಬರು ಮೇಡಂ ಕೇಳಿದರು: "ಆರಭಿ, ದೇವಗಾಂಧಾರಿ ಎರಡಕ್ಕೂ ಆರೋಹಣ ಅವರೋಹಣ ಒಂದೇ ಅಲ್ವಾ? ಮತ್ತೆ ಎರಡು ರಾಗ ಹೇಗಮ್ಮ ಆಯ್ತು?"

ನಾನು ಎರಡನ್ನೂ ಹಾಡಿದೆ. ಮೇಡಂ ನಕ್ಕರು. "ಹಾಡಿದ್ದು ಕೇಳಿಸ್ತು. ಈಗ ಏನೂ ಗೊತ್ತಿಲ್ಲದ ಹುಡುಗನಿಗೆ ಹೇಳು." ನನ್ನ ಬಾಯಿ ಕಟ್ಟಿಹೋಯಿತು.

[ಬೋರ್ಡಿನ ಮೇಲೆ: ಆರೋಹಣ (ಸ್ವರ ಏರುವ ಕ್ರಮ) ಸ ರಿ ಮ ಪ ದ ಸ – ಅವರೋಹಣ (ಇಳಿಯುವ ಕ್ರಮ) ಸ ನಿ ದ ಪ ಮ ಗ ರಿ ಸ]

ಹೇಳಬೇಕಾಗಿದ್ದು ಇಷ್ಟೇ. ಆರಭಿ ಚುರುಕು. ಸ್ವರಗಳು ಹೆಚ್ಚು ಅಲುಗದೆ ಬರುತ್ತವೆ, ಗಾಂಧಾರವಂತೂ (ಗ) ಮಧ್ಯಮಕ್ಕೆ (ಮ) ಅಂಟಿಕೊಂಡು ಹಾಗೆ ಬಂದು ಹೀಗೆ ಹೋಗುತ್ತದೆ. ದೇವಗಾಂಧಾರಿ ನಿಧಾನ. ಅದೇ ಸ್ವರಗಳನ್ನು ಗಮಕ ಕೊಟ್ಟು, ಅಂದರೆ ತೂಗಿಸಿ, ಎಳೆದು ಹಾಡಬೇಕು. ಒಂದೇ ಬೀದಿಯಲ್ಲಿ ಒಬ್ಬರು ಬಸ್ ಹಿಡಿಯೋಕೆ ಓಡಿದ ಹಾಗೆ, ಇನ್ನೊಬ್ಬರು ಊಟ ಮಾಡಿ ಅಡ್ಡಾಡಿದ ಹಾಗೆ. ಬಸ್ ಇಳಿದ ಮೇಲೆ ಇದೆಲ್ಲ ಹೊಳೆಯಿತು, ಏನು ಪ್ರಯೋಜನ?

ಆ ಕೆಲಸ ಸಿಗಲಿಲ್ಲ. ಅತಿಥಿ ಉಪನ್ಯಾಸಕಿಯಾಗಿ ಒಂದಷ್ಟು ವರ್ಷ ಕಲಿಸಿದೆ, ಸಂಬಳ ತಡ ಆಗುತ್ತಿತ್ತು, ಆದರೆ ಬೋರ್ಡಿನ ಮುಂದೆ ನಿಂತು ಮಾತಾಡೋದು ಬಂತು. ನೀವೂ ಹಾಗೆ ಕಲಿಸುತ್ತಿದ್ದರೆ ಅನುಭವದ ಪತ್ರ ಆಯಾ ವರ್ಷವೇ ಸಹಿ, ಸೀಲು ಹಾಕಿಸಿ ಇಟ್ಟುಕೊಳ್ಳಿ, ಪ್ರಿನ್ಸಿಪಾಲರು ವರ್ಗ ಆಗಿ ಹೋದರೆ ಹುಡುಕಿಕೊಂಡು ಹೋಗಬೇಕಾಗುತ್ತದೆ.

ಹಾಂ, ಈಗ ಎಲ್ಲಿಗೆ ಹೋದರೂ ಈ ಪುಟ್ಟ ಎಲೆಕ್ಟ್ರಾನಿಕ್ ತಂಬೂರಿ ಬ್ಯಾಗಿನಲ್ಲಿರುತ್ತದೆ. ನನ್ನ ಶ್ರುತಿ ಐದೂವರೆ ಮನೆ, ಅದಕ್ಕೆ ಕೂಡಿಸಿಯೇ ಇಟ್ಟಿರುತ್ತೇನೆ. ಸೆಲ್ಲು ಹೊಸದು.