ಉಪಪ್ರಶ್ನೆ ಕೇಳಲು ವಿಧಾನಸೌಧಕ್ಕೆ ಹೋದೆ: ಪ್ರಶ್ನೋತ್ತರ ಕಲಾಪದ ಒಂದು ಗಂಟೆ

ಅಂಬೇಡ್ಕರ್ ವೀಧಿಯ ಒಂದು ಬದಿಗೆ ವಿಧಾನಸೌಧ, ಇನ್ನೊಂದು ಬದಿಗೆ ಹೈಕೋರ್ಟಿನ ಕೆಂಪು ಕಟ್ಟಡ. ನಡುವೆ ಬಸ್ಸು, ಕಾರು, ಫೋಟೊ ತೆಗೆಸಿಕೊಳ್ಳುವವರ ಗುಂಪು. ಅಧಿವೇಶನ ನಡೆಯುತ್ತಿರುವುದರಿಂದ ಪೊಲೀಸರ ಸಂಖ್ಯೆಯೂ ಹೆಚ್ಚು. ಒಳಗೆ ಹೋಗಲು ಪಾಸ್ ಬೇಕು, ನಮ್ಮ ಶಾಸಕರ ಕಚೇರಿಯ ಮೂಲಕ ಪಡೆದೆ. ಸರದಿ ಸಾಲು ನಿಮಗೆ ಕಾಣುತ್ತಲೇ ಇದೆ, ಅದರ ಬಗ್ಗೆ ಮಾತು ಬೇಡ.

ಚಿತ್ರ ಇಲ್ಲಿಗೆ ನಿಲ್ಲುತ್ತದೆ. ಪ್ರೇಕ್ಷಕರ ಗ್ಯಾಲರಿಗೆ ಮೊಬೈಲ್ ಆಗಲಿ, ಕ್ಯಾಮೆರಾ ಆಗಲಿ ಒಯ್ಯುವಂತಿಲ್ಲ. ಎರಡನ್ನೂ ಕೊಟ್ಟು ಟೋಕನ್ ಪಡೆದು ಹೋದೆ. ಆದ್ದರಿಂದ ಇನ್ನು ಸ್ವಲ್ಪ ಹೊತ್ತು ನೀವು ನೋಡುವುದೆಲ್ಲ ಹೊರಗಿನ ಮೆಟ್ಟಿಲು, ಕಂಬ ಮತ್ತು ಕೆತ್ತನೆ. ಒಳಗೆ ನಡೆದುದನ್ನು ನಾನು ಹೇಳುತ್ತೇನೆ, ನೀವು ಕೇಳಿಸಿಕೊಳ್ಳಿ. ಸದನದ ಬಾವಿಗಿಳಿದು ಕಾಗದ ತೂರಿದ ತುಣುಕುಗಳು ನಿಮ್ಮ ಮೊಬೈಲಿಗೆ ತಾವಾಗಿಯೇ ಬರುತ್ತವೆ. ನಾನು ನೋಡಲು ಹೋದದ್ದು ಅದಲ್ಲ. ಪ್ರಶ್ನೋತ್ತರ ಕಲಾಪ ಯಾರ ಮೊಬೈಲಿಗೂ ಬರುವುದಿಲ್ಲ, ಅದಕ್ಕೇ ಹೋದೆ.

ಒಬ್ಬ ಶಾಸಕರು ಈ ಅಧಿವೇಶನದಲ್ಲಿ ಕೇಳಿದ ಪ್ರಶ್ನೆಗಳನ್ನಷ್ಟೇ ಹಿಡಿದು ಕುಳಿತಿದ್ದೆ. ಹೆಸರು ಹೇಳುವುದಿಲ್ಲ, ಹೇಳಿದರೆ ಮಾತೆಲ್ಲ ಪಕ್ಷದ ಕಡೆಗೆ ಹೊರಳುತ್ತದೆ. ಪ್ರೌಢಶಾಲೆಯ ಖಾಲಿ ಹುದ್ದೆ, ಕೆರೆಯ ಹೂಳು, ಸಂಜೆಯ ಕೊನೆಯ ಬಸ್ಸು, ಬೆಳೆ ಪರಿಹಾರ, ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರಿಲ್ಲದಿರುವುದು. ಐದೂ ಬೇರೆ ಬೇರೆ ಇಲಾಖೆಗಳು, ಬೇರೆ ಬೇರೆ ಸಚಿವರು. ಇಷ್ಟು ಚದುರಿದ ವಿಷಯಗಳನ್ನು ಹಿಡಿಯುವ ಬದಲು ಒಂದನ್ನೇ ಬೆನ್ನಟ್ಟಬಾರದೇ ಎಂದು ಮೊದಲು ಅನ್ನಿಸಿತು. ಆದರೆ ಒಂದು ತಾಲ್ಲೂಕಿನಲ್ಲಿ ಬದುಕುವವರಿಗೆ ಈ ಐದೂ ಒಂದೇ ದಿನದಲ್ಲಿ ಎದುರಾಗುತ್ತವೆ. ಕೊನೆಯ ಬಸ್ಸು ಇಲ್ಲದಿದ್ದರೆ ಹುಡುಗಿ ಪ್ರೌಢಶಾಲೆಯನ್ನೇ ಬಿಡುತ್ತಾಳೆ. ಸಾರಿಗೆ ಸಚಿವರ ಉತ್ತರವನ್ನೂ ಶಿಕ್ಷಣ ಸಚಿವರ ಉತ್ತರವನ್ನೂ ಅಕ್ಕಪಕ್ಕ ಇಟ್ಟು ಓದಲು ಯಾರಾದರೂ ಒಬ್ಬರು ಬೇಕು. ಶಾಸಕರ ಕೆಲಸ ಅದೇ.

ಕಲಾಪ ನಡೆಯುವ ರೀತಿ ಬಹಳ ಚುರುಕು. ಸಭಾಧ್ಯಕ್ಷರು ಹೆಸರು ಕರೆಯುತ್ತಾರೆ. ಸದಸ್ಯರು ಎದ್ದು ಪ್ರಶ್ನೆಯ ಸಂಖ್ಯೆ ಹೇಳುತ್ತಾರೆ. ಸಚಿವರು ಎದ್ದು "ಉತ್ತರ ಒದಗಿಸಲಾಗಿದೆ" ಎನ್ನುತ್ತಾರೆ. ಅಷ್ಟೇ. ಪ್ರಶ್ನೆಯನ್ನು ಯಾರೂ ಓದುವುದಿಲ್ಲ, ಉತ್ತರವನ್ನೂ ಓದುವುದಿಲ್ಲ, ಎರಡೂ ಮುದ್ರಿತವಾಗಿ ಸದಸ್ಯರ ಕೈಯಲ್ಲಿರುತ್ತವೆ. ಗ್ಯಾಲರಿಯಲ್ಲಿ ಕುಳಿತವರಿಗೆ ತಲೆಬುಡ ತಿಳಿಯುವುದಿಲ್ಲ. ನನ್ನ ಪಕ್ಕದಲ್ಲಿದ್ದ ಕಾಲೇಜು ಹುಡುಗರು ಹತ್ತು ನಿಮಿಷಕ್ಕೇ ಆಕಳಿಸತೊಡಗಿದರು. ಅವರನ್ನು ದೂರಲಾರೆ.

ನಿಜವಾದ ಕಲಾಪ ಆಮೇಲೆ ಶುರುವಾಗುತ್ತದೆ. ಶಾಲೆಯ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಉತ್ತರದ ಹಾಳೆ ಎರಡು ಅಂಕಣದ್ದು, ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. (ಅ) ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ ಗಣಿತ ಶಿಕ್ಷಕರ ಹುದ್ದೆಗಳು ಖಾಲಿ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದೆ. (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು? ಅತಿಥಿ ಶಿಕ್ಷಕರನ್ನು ನೇಮಿಸಿ ಬೋಧನೆಗೆ ತೊಂದರೆಯಾಗದಂತೆ ಕ್ರಮ ವಹಿಸಲಾಗಿದೆ. (ಇ) ಖಾಯಂ ನೇಮಕಾತಿ ಯಾವಾಗ? ಅನುದಾನದ ಲಭ್ಯತೆ ಮತ್ತು ಆರ್ಥಿಕ ಇಲಾಖೆಯ ಸಹಮತಿಗೆ ಒಳಪಟ್ಟು ಹಂತ ಹಂತವಾಗಿ.

ಇದನ್ನು ಓದಿದವರು ಸರ್ಕಾರ ಏನೋ ಮಾಡಿದೆ ಎಂದುಕೊಳ್ಳುತ್ತಾರೆ. ಆ ಶಾಸಕರು ಎದ್ದು ಒಂದೇ ಮಾತು ಕೇಳಿದರು: "ಅತಿಥಿ ಶಿಕ್ಷಕರು ಶಾಲೆಗೆ ಬಂದದ್ದು ಯಾವ ತಿಂಗಳು?" ಭಾಷಣವಿಲ್ಲ, ಆರೋಪವಿಲ್ಲ. ಸಚಿವರು ಹಾಳೆ ತಿರುವಿದರು. ಅಧಿಕಾರಿಗಳ ಗ್ಯಾಲರಿಯಲ್ಲಿ ಒಬ್ಬರು ಬಗ್ಗಿ ಚೀಟಿ ಬರೆಯತೊಡಗಿದರು. ಚೀಟಿ ಕೈಯಿಂದ ಕೈಗೆ ಸಾಗಿ ಸಚಿವರ ಮೇಜಿಗೆ ಬಂತು. ಅವರು ಅದನ್ನು ಓದಿ, ಕನ್ನಡಕ ಸರಿಪಡಿಸಿಕೊಂಡು, ತಿಂಗಳವಾರು ವಿವರವನ್ನು ಸದಸ್ಯರಿಗೆ ಕಳುಹಿಸಿಕೊಡುವುದಾಗಿ ಹೇಳಿದರು. ಜೂನ್‌ನಲ್ಲಿ ಬಂದಿದ್ದರೆ ಆ ಮಾತನ್ನು ಅಲ್ಲೇ ಹೇಳುತ್ತಿದ್ದರು, ಚೀಟಿಯೂ ಬೇಕಾಗುತ್ತಿರಲಿಲ್ಲ. ಲಿಖಿತ ಉತ್ತರ ಮುಚ್ಚಿಟ್ಟದ್ದನ್ನು ಒಂದು ಸಾಲಿನ ಉಪಪ್ರಶ್ನೆ ಹೊರಗೆಳೆಯಿತು.

ಕ್ಯಾಮೆರಾ ವಾಪಸ್ ಸಿಕ್ಕಿತು. ಇದು ಪೂರ್ವದ ಮುಖ, ಮೇಲೆ "ಸರ್ಕಾರದ ಕೆಲಸ ದೇವರ ಕೆಲಸ" ಎಂಬ ಬರಹ. ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಯಾಗಿದ್ದಾಗ ಎದ್ದ ಕಟ್ಟಡ, 1956ರಲ್ಲಿ ಪೂರ್ಣಗೊಂಡಿತು. ಇದನ್ನು ನೋಡುವಾಗಲೆಲ್ಲ ನನಗೆ ಮೈಸೂರು ನೆನಪಾಗುತ್ತದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ಸೇರಿತು, 144 ಪ್ರತಿನಿಧಿಗಳು, ದಸರಾ ಸಮಯ. ಅವರ ಕೈಯಲ್ಲಿ ಕಾನೂನು ಮಾಡುವ ಅಧಿಕಾರ ಇರಲಿಲ್ಲ, ದಿವಾನರನ್ನು ಇಳಿಸುವ ಅಧಿಕಾರವೂ ಇರಲಿಲ್ಲ. ಊರಿನ ಅಹವಾಲನ್ನು ದಿವಾನರ ಎದುರಿಗೆ ಹೇಳಬಹುದಾಗಿತ್ತು. ಬ್ರಿಟಿಷ್ ಇಂಡಿಯಾದಲ್ಲಿ 1892ರ ಕಾಯ್ದೆ ಸದಸ್ಯರಿಗೆ ಪ್ರಶ್ನೆ ಕೇಳುವ ಹಕ್ಕು ಕೊಟ್ಟಿತು, ಉಪಪ್ರಶ್ನೆಯ ಹಕ್ಕು ಕೊಡಲಿಲ್ಲ. ಅದು ಬಂದದ್ದು 1909ರಲ್ಲಿ, ಅದೂ ಮೂಲ ಪ್ರಶ್ನೆ ಕೇಳಿದವರಿಗೆ ಮಾತ್ರ. ಆಳುವವರು ಮೊದಲ ಪ್ರಶ್ನೆಗೆ ಒಪ್ಪಿದರು, ಎರಡನೆಯದಕ್ಕೆ ಒಪ್ಪಲು ಹದಿನೇಳು ವರ್ಷ ಬೇಕಾಯಿತು. ಯಾವುದಕ್ಕೆ ಹೆಚ್ಚು ಅಂಜುತ್ತಿದ್ದರು ಎಂಬುದು ಅಲ್ಲೇ ಕಾಣುತ್ತದೆ. ಸರಿ, ಈ ದೃಶ್ಯ ಮುಗಿಯಿತು, ಮುಂದೆ ಹೋಗೋಣ.

ಇದು ಜೆರಾಕ್ಸ್ ಅಂಗಡಿ. ಇಲ್ಲಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಉತ್ತರಗಳು ವಿಧಾನಸಭೆಯ ಜಾಲತಾಣದಲ್ಲಿ ಸಿಗುತ್ತವೆ, ಅದು ಬಹಳ ಒಳ್ಳೆಯದು. ಕೆರೆಯ ಹೂಳಿನ ಪ್ರಶ್ನೆಗೆ ಉತ್ತರ ಒಂದೇ ಸಾಲು: "ವಿವರವನ್ನು ಅನುಬಂಧದಲ್ಲಿ ಒದಗಿಸಲಾಗಿದೆ." ಸರಿ, ಅನುಬಂಧ ನೋಡೋಣ ಎಂದು ಇಳಿಸಿಕೊಂಡೆ. ಪುಟಗಳು ಅಡ್ಡ ತಿರುಗಿವೆ. ಮೊಬೈಲನ್ನು ತಿರುಗಿಸಿದರೆ ಪುಟವೂ ತಿರುಗುತ್ತದೆ, ಕತ್ತು ವಾಲಿಸಿಯೇ ಓದಬೇಕು. ಮುದ್ರಣ ಮಸುಕು, ಪ್ರತಿಯ ಪ್ರತಿ ತೆಗೆದು ಸ್ಕ್ಯಾನ್ ಮಾಡಿದಂತಿದೆ. ಎಡ ಅಂಚು ಕತ್ತರಿಸಿಹೋಗಿದೆ, ಆ ಅಂಚಿನಲ್ಲಿದ್ದದ್ದು ಗ್ರಾಮದ ಹೆಸರು! ಯಾವ ಕೆರೆ ಎಂದು ಗೊತ್ತಿಲ್ಲ, ಎಷ್ಟು ಹಣ ಎಂದು ಗೊತ್ತು. ಕೊನೆಯ ಪುಟದಲ್ಲಿ ಒಟ್ಟು ಮೊತ್ತವಿದೆ, ಅದರ ಮೇಲೆಯೇ ಮೊಹರು ಬಿದ್ದಿದೆ. 3ಲೋ 8ಲೋ ಹೇಳಲಾಗದು.

ಕಾಗದದಲ್ಲಾದರೂ ಸರಿ ಕಾಣುತ್ತದೆಯೇನೋ ಎಂದು ಪ್ರಿಂಟ್ ತೆಗೆಸಲು ಬಂದೆ. ಪುಟಕ್ಕೆ ಐದು ರೂಪಾಯಿ. ಮೊದಲ ಪುಟ ಹೊರಬಂದಾಗ ಅಂಗಡಿಯ ಹುಡುಗ ಅದನ್ನು ಬೆಳಕಿಗೆ ಹಿಡಿದು ನೋಡಿ, "ಅಕ್ಕಾ, ಇದು ಹೀಗೇ ಬರುತ್ತದೆ, ಉಳಿದದ್ದನ್ನೂ ತೆಗೆಯಲೇ?" ಎಂದು ಕೇಳಿದ. ತೆಗೆ ಎಂದೆ. ಬೂದು ಬಣ್ಣದ ಹಾಳೆಗಳ ಕಟ್ಟೊಂದು ಬಂತು, ಅದೇ ಈಗ ಮೇಜಿನ ಮೇಲಿದೆ, ಹತ್ತಿರದಿಂದ ತೋರಿಸುತ್ತೇನೆ. ಇಲಾಖೆಯ ಹೆಸರಿನ ಮೇಲೆ ಬೆರಳು ಇಟ್ಟಿದ್ದೇನೆ, ಯಾರೋ ಒಬ್ಬ ಗುಮಾಸ್ತರ ಮೇಲೆ ನಿಮ್ಮ ಕೋಪ ಬೀಳುವುದು ಬೇಡ. ಈ ಪಟ್ಟಿ ಮೂಲದಲ್ಲಿ ಯಾರದೋ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಇದ್ದೇ ಇರುತ್ತದೆ. ಅದನ್ನೇ ಹಾಗೆಯೇ ಏರಿಸಿದರೆ ಯಾರು ಬೇಕಾದರೂ ತಮ್ಮ ಊರಿನ ಕೆರೆಯನ್ನು ಹುಡುಕಿಕೊಳ್ಳಬಹುದು. ಮುದ್ರಿಸಿ, ಸಹಿ ಮಾಡಿಸಿ, ಮೊಹರು ಒತ್ತಿ, ಮತ್ತೆ ಸ್ಕ್ಯಾನ್ ಮಾಡುವ ಹೊತ್ತಿಗೆ ಮಾಹಿತಿಯ ಜೀವವೇ ಹೋಗಿರುತ್ತದೆ. ಶಾಸಕರೊಬ್ಬರು ವಾರಗಟ್ಟಲೆ ಕಾದು ಪಡೆದ ಉತ್ತರ ಇದು. ಓದಲಾಗದ ಅನುಬಂಧವನ್ನು ಉತ್ತರ ಎಂದು ಸ್ವೀಕರಿಸಲೇಬಾರದು, ಸಭಾಧ್ಯಕ್ಷರ ಪೀಠ ಅದನ್ನು ವಾಪಸ್ ಕಳುಹಿಸಬೇಕು. ಇದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಬರೀ ಲಿಖಿತ ಉತ್ತರಗಳಿಂದ ಏನೂ ಪ್ರಯೋಜನವಿಲ್ಲವೇ? ನಿನ್ನೆ ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ. ರಾತ್ರಿ ಕುಳಿತು ಚುಕ್ಕೆ ಗುರುತಿಲ್ಲದ ಪ್ರಶ್ನೆಗಳನ್ನು ಓದಿದ ಮೇಲೆ ಮನಸ್ಸು ಬದಲಾಗಿದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸದನದಲ್ಲಿ ಮೌಖಿಕ ಉತ್ತರ, ಉಪಪ್ರಶ್ನೆಗೆ ಅವಕಾಶ. ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನವು, 230 ಗುರುತಿಲ್ಲದವು. ಆ 20ರಲ್ಲೂ ಒಂದು ಗಂಟೆಯೊಳಗೆ ಬಾಯಿಗೆ ಬರುವುದು ಬೆರಳೆಣಿಕೆಯಷ್ಟು. ಉಳಿದ ರಾಶಿಯಲ್ಲಿ ಜಿಲ್ಲಾವಾರು ಖಾಲಿ ಹುದ್ದೆ, ಬಿಡುಗಡೆಯಾದ ಹಣ, ಖರ್ಚಾಗದೆ ಉಳಿದ ಹಣ ಎಲ್ಲವೂ ಸರ್ಕಾರದ ಸಹಿಯೊಂದಿಗೆ ಸಿಗುತ್ತದೆ. ಮಾಹಿತಿ ಹಕ್ಕಿನ ಅರ್ಜಿ ಹಾಕಿ ಮೂವತ್ತು ದಿನ ಕಾಯುವ ಮೊದಲು ಇಲ್ಲಿ ಹುಡುಕಿ. ನಾನು ಹುಡುಕುತ್ತಿದ್ದ ಆಸ್ಪತ್ರೆಯ ಅಂಕಿಅಂಶ ಬೇರೊಬ್ಬ ಸದಸ್ಯರ ಪ್ರಶ್ನೆಯಲ್ಲಿ ಆಗಲೇ ಇತ್ತು, ಅದೂ ನೆಟ್ಟಗೆ ನಿಂತ ಪುಟದಲ್ಲಿ. ಆದರೂ ಅರಿವಳಿಕೆ ತಜ್ಞರಿಲ್ಲದೆ ಹೆರಿಗೆಯ ತಾಯಂದಿರನ್ನು ಎಲ್ಲಿಗೆ ಕಳುಹಿಸುತ್ತಿದ್ದಾರೆ ಎಂಬುದು ಅದರಲ್ಲಿ ಇರಲಿಲ್ಲ. ಅದನ್ನು ಯಾರಾದರೂ ಎದ್ದು ನಿಂತು ಕೇಳಲೇಬೇಕು.

ಪ್ರಶ್ನೆ ಬರೆಯುವುದೂ ಒಂದು ಕಲೆ. ಲೋಕಸಭೆಯ ನಿಯಮ 41ರ ಪ್ರಕಾರ ಪ್ರಶ್ನೆ 150 ಪದ ಮೀರುವಂತಿಲ್ಲ, ಅದರಲ್ಲಿ ವಾದ ಇರಬಾರದು, ವ್ಯಂಗ್ಯ ಇರಬಾರದು, ನಿಂದೆ ಇರಬಾರದು, ಸಚಿವರ ಅಭಿಪ್ರಾಯವನ್ನೂ ಕೇಳಬಾರದು. ಇದು ಶಾಸಕರ ಕೈಕಟ್ಟುವ ನಿಯಮ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆರೋಪ ಮಾಡಿದರೆ ಸಚಿವರು ಆರೋಪಕ್ಕೆ ಉತ್ತರಿಸಿ ಕುಳಿತುಬಿಡುತ್ತಾರೆ. ತಿಂಗಳು ಕೇಳಿದರೆ ತಿಂಗಳನ್ನೇ ಹೇಳಬೇಕಾಗುತ್ತದೆ.

1957ರಲ್ಲಿ ಲೋಕಸಭೆಯಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಜೀವ ವಿಮಾ ನಿಗಮ ಹರಿದಾಸ್ ಮುಂದ್ರಾ ಅವರ ಕಂಪನಿಗಳ ಷೇರುಗಳಲ್ಲಿ ಸುಮಾರು 1.25 ಕೋಟಿ ರೂಪಾಯಿ ತೊಡಗಿಸಿತ್ತು. ಆ ಕಂಪನಿಗಳು ಕುಸಿಯುತ್ತಿದ್ದವು. ಹಣ ಪಾಲಿಸಿದಾರರದ್ದು. ವಿಷಯ ಮೊದಲು ಸದನಕ್ಕೆ ಬಂದದ್ದು ಪ್ರಶ್ನೆಯ ರೂಪದಲ್ಲಿ, ಮೊದಲ ಉತ್ತರ ಹಾರಿಕೆಯದ್ದಾಗಿತ್ತು. ಬೆನ್ನು ಬಿಡದೆ ಹಿಡಿದವರು ಫಿರೋಜ್ ಗಾಂಧಿ, ಆಳುವ ಪಕ್ಷದ ಸದಸ್ಯರು, ಪ್ರಧಾನಿಯ ಅಳಿಯ. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಆಯೋಗ ಬಹಿರಂಗ ವಿಚಾರಣೆ ನಡೆಸಿತು, 1958ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಸ್ವಂತ ಪಕ್ಷದ ಸಚಿವರನ್ನು ಪ್ರಶ್ನಿಸುವ ಧೈರ್ಯ ಇವತ್ತಿನ ಆಳುವ ಪಕ್ಷದ ಶಾಸಕರಲ್ಲಿ ಎಷ್ಟು ಜನಕ್ಕಿದೆ? ಗ್ಯಾಲರಿಯಲ್ಲಿ ನಾನು ಕೇಳಿದ ಹಲವು ಉಪಪ್ರಶ್ನೆಗಳು "ಮಾನ್ಯ ಸಚಿವರನ್ನು ಅಭಿನಂದಿಸುತ್ತಾ" ಎಂದೇ ಶುರುವಾದವು. ಪ್ರಶ್ನೆಯ ಹಕ್ಕನ್ನು ಅದಕ್ಕೆ ಬಳಸುವುದು ಮತದಾರರಿಗೆ ಮಾಡುವ ಅನ್ಯಾಯ. 2005ರಲ್ಲಿ ಹಣ ಪಡೆದು ಪ್ರಶ್ನೆ ಕೇಳಿದ್ದಕ್ಕಾಗಿ 11 ಸಂಸದರನ್ನು ಉಚ್ಚಾಟಿಸಿದ್ದೂ ಈ ದೇಶದಲ್ಲೇ. ಅದು ಬೇರೆಯೇ ರೋಗ, ಇವತ್ತು ಅದನ್ನು ಬಿಚ್ಚಿದರೆ ಮುಗಿಯುವುದಿಲ್ಲ.

ಈಗ ಕಾಣುತ್ತಿರುವುದು ಮರುದಿನದ ನೇರ ಪ್ರಸಾರ, ಮನೆಯ ಪರದೆಯಿಂದ. ಗದ್ದಲ, ಘೋಷಣೆ, ಕಲಾಪ ಮುಂದೂಡಿಕೆ. ಧರಣಿ ವಿರೋಧ ಪಕ್ಷದ ಹಕ್ಕು, ಅದನ್ನು ಯಾರೂ ಕಸಿಯಬಾರದು. ಆದರೆ ಪ್ರಶ್ನೋತ್ತರದ ಹೊತ್ತಿನಲ್ಲೇ ಏಕೆ? ಗದ್ದಲವಾದರೆ ಉತ್ತರಗಳನ್ನು ಮಂಡಿಸಲಾಗಿದೆ ಎಂದು ದಾಖಲಿಸಿ ಮುಗಿಸುತ್ತಾರೆ. ಸಚಿವರಿಗೆ ಇದಕ್ಕಿಂತ ನೆಮ್ಮದಿಯ ದಿನ ಇನ್ನೊಂದಿಲ್ಲ, ಚೀಟಿ ಬೇಕಿಲ್ಲ, ಕನ್ನಡಕ ಸರಿಪಡಿಸಿಕೊಳ್ಳಬೇಕಿಲ್ಲ. 2020ರ ಮುಂಗಾರು ಅಧಿವೇಶನದಲ್ಲಿ ಕೋವಿಡ್ ಕಾರಣ ಹೇಳಿ ಸಂಸತ್ತಿನ ಪ್ರಶ್ನೋತ್ತರ ಅವಧಿಯನ್ನೇ ಕೈಬಿಟ್ಟು, ಲಿಖಿತ ಉತ್ತರಗಳನ್ನಷ್ಟೇ ಉಳಿಸಿಕೊಂಡಾಗ ವಿರೋಧ ಪಕ್ಷಗಳು ಕೂಗೆಬ್ಬಿಸಿದ್ದು ಸರಿಯಾಗಿಯೇ ಇತ್ತು. ಗದ್ದಲದಲ್ಲಿ ಕಳೆದುಹೋಗುವುದೂ ಅದೇ ಉಪಪ್ರಶ್ನೆ. ಈ ಮಾತು ಎರಡೂ ಕಡೆಯವರಿಗೆ.

ಬೆಳೆ ಪರಿಹಾರದ ಪ್ರಶ್ನೆ ಆ ದಿನ ಹೀಗೆ ಕೊಚ್ಚಿಹೋಯಿತು. ಬಸ್ಸಿನ ಪ್ರಶ್ನೆಗೆ ಮಾತ್ರ ಹಿಂದಿನ ದಿನವೇ ಸಚಿವರು ಸದನದಲ್ಲಿ "ಪರಿಶೀಲಿಸಿ ಕ್ರಮ ಕೈಗೊಳ್ಳುತ್ತೇನೆ" ಎಂದಿದ್ದರು. ನೋಡುಗರು ಇದನ್ನು ಬರೆದಿಟ್ಟುಕೊಳ್ಳಿ: ಸದನದಲ್ಲಿ ಕೊಟ್ಟ ಮಾತು ಗಾಳಿಗೆ ಹೋಗುವುದಿಲ್ಲ. ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಇದೆ, ಭರವಸೆಯನ್ನು ಮೂರು ತಿಂಗಳೊಳಗೆ ಈಡೇರಿಸಬೇಕು, ಆಗದಿದ್ದರೆ ಕಾಲಾವಕಾಶ ಕೇಳಬೇಕು. ನಮ್ಮ ವಿಧಾನಮಂಡಲದಲ್ಲೂ ಭರವಸೆಗಳ ಸಮಿತಿಗಳಿವೆ.

ಪರದೆಯ ಮೇಲೆ ಕಾಣುತ್ತಿರುವುದು ನಾನು ಆ ಶಾಸಕರ ಕಚೇರಿಗೆ ಬರೆದ ಪತ್ರ. ಎರಡೇ ವಿಷಯ. ಸಂಜೆಯ ಬಸ್ಸಿನ ಭರವಸೆಯನ್ನು ಸಮಿತಿಯ ಗಮನಕ್ಕೆ ತನ್ನಿ. ಕೆರೆಯ ಅನುಬಂಧದಲ್ಲಿ ಗ್ರಾಮದ ಹೆಸರುಗಳು ಕಾಣುತ್ತಿಲ್ಲ, ಓದಲು ಬರುವ ಪ್ರತಿಯನ್ನು ಕೇಳಿ ಪಡೆಯಿರಿ, ಮಸುಕಾದ ಪುಟಗಳನ್ನು ಜೊತೆಗೆ ಲಗತ್ತಿಸಿದ್ದೇನೆ. ನಿಮ್ಮ ತಾಲ್ಲೂಕಿನದ್ದು ಏನಾದರೂ ಇದ್ದರೆ ನಿಮ್ಮ ಶಾಸಕರಿಗೆ ಈಗಲೇ ಕಳುಹಿಸಿ, ಅಧಿವೇಶನ ಶುರುವಾದ ಮೇಲೆ ಕಳುಹಿಸಿದರೆ ಸೂಚನೆ ಕೊಡುವ ಗಡುವು ದಾಟಿರುತ್ತದೆ. ಪತ್ರಕ್ಕೆ ಉತ್ತರ ಬಂದ ಕೂಡಲೇ ತೋರಿಸುತ್ತೇನೆ, ಪುಟ ಅಡ್ಡ ಇದ್ದರೂ ಸರಿ.